ನೀಲಿ ಚೀಟಿಯ ದಾರ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಟೈಲರಕ್ಕ ಅಂಗಡಿಯ ಷಟರನ್ನು ಅರ್ಧಕ್ಕೆ ಮಾತ್ರ ಎತ್ತುತ್ತಿದ್ದಳು. ಪೂರ್ತಿ ಎತ್ತಿದರೆ ರಜೆಯೆಂಬುದನ್ನು ಮರೆತು ಗಿರಾಕಿಗಳು ನುಗ್ಗುತ್ತಾರೆ, ಪೂರ್ತಿ ಇಳಿಸಿದರೆ ಒಳಗೆ ಗಾಳಿಯಾಡುವುದಿಲ್ಲ. ಆ ಅರ್ಧ ಷಟರಿನಡಿ ಸೊಂಟ ಬಗ್ಗಿಸಿ ಒಳಗೆ ಬರುವವರು ಮೂರೇ ಜನ.

ಮೊದಲು ಬರುವವರು ಮೇಷ್ಟ್ರು. ಮೂವತ್ತೊಂದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್ಕು, ಜೇಬಿನಲ್ಲಿ ಒಂದು ಹಸಿರು ಪೆನ್ನು, ಒಂದು ಕೆಂಪು ಪೆನ್ನು. ಅವರ ಹಿಂದೆ ಹಾಲಿನ ವ್ಯಾನಿನ ಡ್ರೈವರು. ಅವನು ಪಿಸುಮಾತಾಡಿದರೂ ಬೀದಿಯ ಆ ತುದಿಗೆ ಕೇಳಿಸುತ್ತಿದ್ದುದರಿಂದ ಊರೆಲ್ಲ ಅವನನ್ನು ಹಾರ್ನಣ್ಣ ಎಂದೇ ಕರೆಯುತ್ತಿತ್ತು. ಕೊನೆಗೆ, ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡು, 'ಅಯ್ಯಮ್ಮಾ' ಎನ್ನುತ್ತ ನುಸುಳುವವರು ಭಾವ. ಟೈಲರಕ್ಕನ ಅಕ್ಕನ ಗಂಡ. ಊರಾಚೆ ಕೋಳಿ ಶೆಡ್ಡು ಇಟ್ಟವರು. ಈ ನಾಲ್ವರು ಆರು ವರ್ಷದಿಂದ ತಿಂಗಳಿಗೆ ಇಷ್ಟೆಂದು ಕೂಡಿಸಿ ಷೇರು ಕೊಳ್ಳುತ್ತಿದ್ದರು.

ಏನು ಕೊಳ್ಳಬೇಕು ಎಂಬುದಕ್ಕೆ ಅವರದೇ ಒಂದು ಕಟ್ಟುಪಾಡಿತ್ತು. ಅದನ್ನು ಹಾಕಿದವರು ಭಾವ. "ಒಂದು ಕೋಳಿ ಕೊಳ್ಳೋವಾಗ ಎದೆಮೂಳೆ ಮುಟ್ಟಿ ನೋಡ್ತೀನಿ, ರೆಕ್ಕೆ ಎತ್ತಿ ನೋಡ್ತೀನಿ. ಕಂಪನಿ ಕೊಳ್ಳೋವಾಗ ಮಾತ್ರ ಟೀವೀಲಿ ಕೋಟು ಹಾಕ್ಕೊಂಡೋನು ಹೇಳಿದ್ದು ಕೇಳ್ಬೇಕಾ?" ಎಂದು ಅವರು ಮೊದಲ ದಿನವೇ ಕೇಳಿದ್ದರು. ಹಾಗಾಗಿ, ನಾಲ್ವರಲ್ಲಿ ಒಬ್ಬರಾದರೂ ದಿನಾ ಕೈಯಲ್ಲಿ ಹಿಡಿದು ಬಳಸುವ ಸಾಮಾನು ಮಾಡುವ ಕಂಪನಿಯ ಷೇರನ್ನು ಮಾತ್ರ ಕೊಳ್ಳುವುದು. ಬಳಸುವವರೇ ಅದಕ್ಕೆ ಕಾವಲು. ಹಾರ್ನಣ್ಣನ ಕಾವಲಿನಲ್ಲಿ ಟೈರು ಕಂಪನಿ, ಮೇಷ್ಟ್ರ ಕಾವಲಿನಲ್ಲಿ ಕಾಗದದ ಕಂಪನಿ, ಭಾವನ ಕಾವಲಿನಲ್ಲಿ ಕೋಳಿಗಳಿಗೆ ಲಸಿಕೆ ತಯಾರಿಸುವ ಕಂಪನಿ. ಪ್ರತಿ ಭಾನುವಾರ ಮೊದಲ ಕೆಲಸವೇ ಕಾವಲಿನವರ ವರದಿ. ಸಾಮಾನು ಚೆನ್ನಾಗಿದೆ ಎಂದರೆ ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಹಸಿರಲ್ಲಿ ಬರೆಯುತ್ತಿದ್ದರು, ಕೆಟ್ಟಿದೆ ಎಂದರೆ ಕೆಂಪಲ್ಲಿ. ಬೆಲೆ, ಲಾಭ, ಪೇಟೆಯ ಸುದ್ದಿ ಎಲ್ಲ ಆಮೇಲೆ.

ಟೈಲರಕ್ಕನ ಕಾವಲು ಹೊಲಿಗೆ ದಾರದ ಕಂಪನಿ. ರೀಲಿನ ತಲೆಗೆ ದುಂಡಗಿನ ನೀಲಿ ಚೀಟಿ ಅಂಟಿಸಿರುತ್ತಿದ್ದುದರಿಂದ ಇವರ ಬಾಯಲ್ಲಿ ಅದು ನೀಲಿ ಚೀಟಿ ಕಂಪನಿ. ಮೂರು ವರ್ಷದ ಹಿಂದೆ ಅವಳು ಆ ಹೆಸರು ಎತ್ತಿದಾಗ ಹಾರ್ನಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಜನ ಬ್ಯಾಂಕು, ಸಿಮೆಂಟು ಅಂತಿದ್ರೆ ನೀನು ದಾರ ಅಂತೀಯಲ್ಲಕ್ಕ!" ಆಗ ಅವಳು ಒಂದು ಗೇಣು ದಾರ ಕತ್ತರಿಸಿ ಅವನ ಕೈಗೆ ಕೊಟ್ಟು "ಕಿತ್ತು ತೋರಿಸು" ಎಂದಿದ್ದಳು. ದಾರ ಕಿತ್ತು ಬರಲಿಲ್ಲ, ಅವನ ಬೆರಳಿಗೆ ಗೆರೆ ಬಿತ್ತು. ಅವತ್ತೇ ಕೊಂಡರು. ಈಗ ಅವರು ಹಾಕಿದ ಪೈರಿನಲ್ಲೆಲ್ಲ ತಲೆಯೆತ್ತಿ ನಿಂತಿದ್ದು ಅದೊಂದೇ. ಇಟ್ಟದ್ದು ಎರಡರಷ್ಟಾಗಿತ್ತು. ಗಂಡ ತೀರಿಕೊಂಡ ಮೇಲೆ ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಒಂಟಿಯಾಗಿ ದುಡಿದ ಹೆಂಗಸಿಗೆ, ಲೆಕ್ಕದ ಮೇಷ್ಟ್ರೇ "ಟೈಲರಕ್ಕನ ಕಣ್ಣು ಅಂದ್ರೆ ಕಣ್ಣು" ಎಂದು ನಾಲ್ಕು ಜನರೆದುರು ಹೇಳುವುದು ಸಣ್ಣ ಮಾತಾಗಿರಲಿಲ್ಲ.

ಆದರೆ ನಾಲ್ಕು ತಿಂಗಳ ಹಿಂದೆ ಬಸ್ ಕಂಡಕ್ಟರ ತನ್ನ ಪ್ಯಾಂಟು ಹಿಡಿದುಕೊಂಡು ಬಂದಿದ್ದ. ಹೊಲಿಸಿ ಎಂಟು ದಿನವೂ ಆಗಿರಲಿಲ್ಲ, ಫುಟ್‌ಬೋರ್ಡಿನ ಮೇಲೆ ಕಾಲಿಟ್ಟದ್ದೇ ಹಿಂದಿನ ಹೊಲಿಗೆ ಪರ್‌ ಎಂದು ಬಿಚ್ಚಿಕೊಂಡಿತ್ತಂತೆ. ಬಸ್ಸು ತುಂಬ ಜನ. ಟೈಲರಕ್ಕ ಅವನನ್ನೇ ಗದರಿಸಿದ್ದಳು: "ಕಂಡ ಕಂಡ ಸ್ಟಾಪಲ್ಲೆಲ್ಲ ತಿಂದ್ರೆ ಪ್ಯಾಂಟು ಏನ್ ಮಾಡುತ್ತೆ? ಹೊಟ್ಟೆ ನೋಡ್ಕೊ." ಅವನು ಬೆಪ್ಪಾಗಿ ಹೊಟ್ಟೆ ನೋಡಿಕೊಂಡು ಹೋಗಿದ್ದ. ಅವನು ಹೋದ ಮೇಲೆ ಅವಳು ಪ್ಯಾಂಟನ್ನು ಬೆಳಕಿಗೆ ಹಿಡಿದಳು. ಬಟ್ಟೆಗೆ ಏನೂ ಆಗಿರಲಿಲ್ಲ. ಹೊಲಿಗೆಯುದ್ದಕ್ಕೂ ದಾರ ಮಾತ್ರ ಚೂರುಚೂರಾಗಿತ್ತು. ಹೊಸ ರೀಲಿನಿಂದ ಒಂದು ಗೇಣು ಎಳೆದು ಎರಡೂ ಕೈಗೆ ಸುತ್ತಿ ಜಗ್ಗಿದಳು. ಟಪ್ಪೆಂದಿತು. ಮತ್ತೊಂದು. ಟಪ್. ಮಿಷನ್ನಿನ ತಗಡು ಎತ್ತಿ ನೋಡಿದರೆ ಬಟ್ಟೆ ತಳ್ಳುವ ಹಲ್ಲಿನ ಸಂದಿಯಲ್ಲೆಲ್ಲ ದೂಳಿನಂಥ ನೂಲಿನ ಹಿಂಜು. ಒಳ್ಳೆಯ ದಾರ ಅಷ್ಟು ಉದುರುವುದಿಲ್ಲ. ಕಂಪನಿ ನೂಲನ್ನು ಬದಲಾಯಿಸಿತ್ತು.

ಆ ಭಾನುವಾರ ಹೇಳಬೇಕೆಂದುಕೊಂಡಳು. ಅವತ್ತೇ ಷೇರಿನ ಬೆಲೆ ಜಿಗಿದಿತ್ತು. ಹಾರ್ನಣ್ಣ ಎಲ್ಲರಿಗೂ ಬಿಸ್ಕತ್ತು ತಂದಿದ್ದ. ಮೇಷ್ಟ್ರು ಹಸಿರು ಪೆನ್ನಿನ ಮುಚ್ಚಳ ಬಿಚ್ಚಿಟ್ಟುಕೊಂಡೇ "ಟೈಲರಕ್ಕ, ದಾರ?" ಎಂದರು. "ಚೆನ್ನಾಗಿದೆ" ಎಂದುಬಿಟ್ಟಳು. ಒಂದು ಸಲ ಬಾಯಿಂದ ಹೊರಟದ್ದು ಮರುವಾರ ಇನ್ನೂ ಸಲೀಸಾಗಿ ಹೊರಟಿತು.

ಗಿರಾಕಿಗಳಿಗೆ ಮಾತ್ರ ಮೋಸ ಮಾಡಲು ಮನಸ್ಸು ಬರಲಿಲ್ಲ. ಪಕ್ಕದ ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು ನಡೆಸುವ ಚಿಕ್ಕ ಗಿರಣಿಯಿದೆ. ಅಲ್ಲಿಂದ ದಾರ ತರಿಸಿದಳು. ಗಟ್ಟಿ ದಾರ, ಆದರೆ ಕಂದು ರಟ್ಟಿನ ರೀಲು. ಅದನ್ನು ಗೋಡೆಯ ಹಲಗೆಯ ಮೇಲಿಟ್ಟರೆ ಭಾನುವಾರ ಮೂವರ ಕಣ್ಣಿಗೂ ಬೀಳುತ್ತದೆ. ಹಾರ್ನಣ್ಣನಂತೂ ಸಿಕ್ಕಿದವರಿಗೆಲ್ಲ ಆ ಹಲಗೆ ತೋರಿಸಿ "ನಮ್ ಕಂಪನಿ ಸಾರ್" ಎನ್ನುತ್ತಿದ್ದ. ಅದಕ್ಕೇ ಅವಳು ಬಾಬಿನ್ ಸುತ್ತುವ ಚಕ್ರಕ್ಕೆ ನೀಲಿ ಚೀಟಿಯ ಖಾಲಿ ರೀಲು ಸಿಕ್ಕಿಸಿ, ಹೊಸ ದಾರವನ್ನು ಅದಕ್ಕೆ ಸುತ್ತಿ ಸುತ್ತಿ ಜೋಡಿಸಿದಳು. ಕಂಪನಿಯ ಅಸಲಿ ರೀಲುಗಳು ಹಳೆಯ ಅಳತೆ ಕಾಗದಗಳಡಿ ಕೆಳಗಿನ ಡ್ರಾಯರು ಸೇರಿದವು. ಹಲಗೆಯ ಮೇಲೆ ಎಲ್ಲವೂ ಮೊದಲಿನಂತೆ ನೀಲಿನೀಲಿಯಾಗಿ ಕಂಗೊಳಿಸುತ್ತಿತ್ತು.

ಹೀಗೆ ಹದಿನಾರು ಭಾನುವಾರ ಕಳೆದವು. ಹದಿನೇಳನೆಯ ಭಾನುವಾರ ಮೇಷ್ಟ್ರು ಷಟರಿನಡಿ ಬಗ್ಗುವ ಮೊದಲೇ ಮಾತು ಶುರು ಮಾಡಿದ್ದರು.

"ಮೂರು ತಿಂಗಳ ವರದಿ ಬಂತು. ನೀಲಿ ಚೀಟಿ ಲಾಭ ಮೂರನೇ ಒಂದು ಭಾಗ ಜಾಸ್ತಿ! ಕಚ್ಚಾ ಮಾಲಿನ ಖರ್ಚು ಇಳಿಸಿದ್ದಾರಂತೆ. ಏನು ಜಾಣತನ ಅಂತೀರಿ!"

ಆ ಜಾಣತನ ಯಾವುದೆಂದು ಟೈಲರಕ್ಕನಿಗೆ ಗೊತ್ತಿತ್ತು. ಅದು ಅವಳ ಮಿಷನ್ನಿನ ಹಲ್ಲಿನ ಸಂದಿಯಲ್ಲಿ ಸಿಕ್ಕಿತ್ತು.

"ಹಾಗಾದ್ರೆ ಟೈರು ಮಾರಿ ಅದನ್ನೂ ದಾರಕ್ಕೇ ಹಾಕೋಣ" ಎಂದ ಹಾರ್ನಣ್ಣ. "ನನ್ ಟೈರು ಎರಡು ವರ್ಷದಿಂದ ಪಂಕ್ಚರ್ ಆಗಿ ಕೂತಿದೆ."

ಅಷ್ಟರಲ್ಲಿ ಭಾವ ಬಂದು ಸ್ಟೂಲಿನ ಮೇಲೆ ಕುಳಿತು, ಎರಡೂ ಮಂಡಿ ಉಜ್ಜಿಕೊಂಡು, ಮೆಲ್ಲನೆ ಅಂದರು: "ನಂದೂ ಒಂದು ಸುದ್ದಿ ಇದೆ. ಶೆಡ್ಡು ಮಾರ್ದೆ."

ಹಾರ್ನಣ್ಣ ತನ್ನ ಸ್ಟೂಲನ್ನು ಅವರ ಹತ್ತಿರಕ್ಕೆ ಎಳೆದುಕೊಂಡ.

"ಮಂಡಿ ಕೇಳ್ತಾ ಇಲ್ಲ. ದಿನಾ ಐದು ಗಂಟೆಗೆದ್ದು ಬಗ್ಗಿ ಬಗ್ಗಿ ಮೊಟ್ಟೆ ಆರಿಸಕ್ಕಾಗಲ್ಲ. ಶುಕ್ರವಾರ ಕೋಳಿಗಳೂ ಹೋದ್ವು. ಲಾರಿ ಹತ್ತಿಸೋವಾಗ ಒಂದು ನನ್ನ ಕೈ ಕುಕ್ಕಿ ಹೋಯ್ತು. ಇರ್ಲಿ. ಮಂಗಳವಾರ ದುಡ್ಡು ಕೈಗೆ ಬರುತ್ತೆ. ನಿನ್ನಕ್ಕ ಎಲ್ಲಾ ಬ್ಯಾಂಕಲ್ಲಿ ಡಿಪಾಸಿಟ್ ಇಡಿ ಅಂತಾಳೆ. ನಾನಂದೆ, ನಿನ್ ತಂಗಿ ಆರಿಸಿದ ಕಂಪನಿ ಇದೆ, ಎಲ್ಲಾ ಅಲ್ಲೇ ಹಾಕ್ತೀನಿ. ಬೇರೆಯವರ ಮಾತಾದ್ರೆ ಯೋಚನೆ ಮಾಡ್ತಿದ್ದೆ, ಅವಳ ಬಾಯಲ್ಲಿ ಹುಸಿ ಮಾತು ಬರಲ್ಲ ಅಂದೆ."

ಟೈಲರಕ್ಕನ ಕೈಯಲ್ಲಿದ್ದ ಟೀ ಲೋಟ ಬಾಯಿಗೂ ಹೋಗಲಿಲ್ಲ, ಮೇಜಿಗೂ ಇಳಿಯಲಿಲ್ಲ. ಇಷ್ಟು ದಿನ ಅವಳು ಮುಚ್ಚಿಟ್ಟದ್ದು ನಾಲ್ವರೂ ಉಳಿಕೆಯಲ್ಲಿ ಹಾಕಿದ ಹಣದ ಸಂಗತಿ; ಹೋದರೆ ಒಂದಿಷ್ಟು ಬೇಜಾರು, ಒಂದಿಷ್ಟು ಬೈಗುಳ. ಇದು ಹಾಗಲ್ಲ. ಇದು ಭಾವನ ಇಪ್ಪತ್ತೆರಡು ವರ್ಷದ ಬೆಳಗಿನ ಐದು ಗಂಟೆಗಳು. ಅಕ್ಕ ಭಾವ ಮುಂದೆ ಉಣ್ಣಬೇಕಾದದ್ದು ಇದರಿಂದಲೇ.

"ಭಾವ, ಅವಸರ ಬೇಡ" ಎಂದಳು.

"ಅವಸರ ಏನು ಬಂತು? ಮೂರು ವರ್ಷ ನೋಡಿದ್ದೀವಲ್ಲ."

"ಎಲ್ಲಾ ಒಂದೇ ಕಡೆ ಹಾಕ್ಬೇಡಿ."

"ನೋಡ್ರಿ ಮೇಷ್ಟ್ರೇ, ಎಷ್ಟು ಸಂಕೋಚ ಇವಳಿಗೆ!" ಭಾವ ನಕ್ಕರು. "ಹೊಗಳಿದ್ರೆ ತಲೆ ತಗ್ಗಿಸ್ತಾಳೆ. ಚಿಕ್ಕವಳಿದ್ದಾಗಿಂದ ಹಿಂಗೇ."

ಟೈಲರಕ್ಕ ಲೋಟ ಕೆಳಗಿಟ್ಟಳು. "ದಾರ ಈಗ ಚೆನ್ನಾಗಿಲ್ಲ ಭಾವ. ಕಿತ್ತು ಬರ್ತಾ ಇದೆ."

ಮೇಷ್ಟ್ರ ಹಸಿರು ಪೆನ್ನು ನಿಂತಿತು. ಹಾರ್ನಣ್ಣ ಮಾತ್ರ ನಿಲ್ಲಲಿಲ್ಲ. "ಸೂಜಿ ಮೊಂಡಾಗಿರುತ್ತೆ ಕಣಕ್ಕ. ಇಲ್ಲಾ ಟೆನ್ಶನ್ ಜಾಸ್ತಿ ಮಾಡಿರ್ತೀಯ. ಟೆನ್ಶನ್ ಮಿಷನ್ನಿಗಲ್ಲದಿದ್ರೆ ನಿಂಗೆ!" ಎಂದವನೇ ಎದ್ದು, ಹಲಗೆಯಿಂದ ಒಂದು ರೀಲು ಕೈಗೆತ್ತಿಕೊಂಡು ಮಿಷನ್ನಿನ ಕಡ್ಡಿಗೆ ಸಿಕ್ಕಿಸಿದ. "ಹೊಲಿ ನೋಡೋಣ. ನಮ್ಮೆದುರಿಗೇ ಕಿತ್ತು ಬರ್ಲಿ."

ಅವಳು ಕುಳಿತಳು. ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲೇ ಮನಸ್ಸು ಮುಳುಗಿದ್ದಾಗ, ಕೈ ತನ್ನಷ್ಟಕ್ಕೆ ದಾರವನ್ನು ಕೊಕ್ಕೆಗಳಲ್ಲಿ ಹಾಯಿಸಿ ಸೂಜಿ ಪೋಣಿಸಿತು. ಶಾಲೆ ಚೀಲದ ದಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೂಜಿಯಡಿ ಇಟ್ಟು ಪೆಡಲ್ ಒತ್ತಿದಳು. ಮಿಷನ್ನು ಗುರ್ರೆಂದಿತು. ಒಂದು ಗೇಣು ಹೋಯಿತು. ಎರಡು ಗೇಣು. ಬಟ್ಟೆಯ ಅಂಚು ಮುಗಿದು, ಅವಳು ತಿರುಗಿಸಿ ಇನ್ನೊಂದು ಬದಿ ಹೊಲಿದಳು. ಹಗ್ಗ ಎಳೆದಂತೆ ಗೆರೆ ನೆಟ್ಟಗೆ ಕೂತಿತು. ಎಲ್ಲೂ ಕಿತ್ತು ಬರಲಿಲ್ಲ.

ಹಾರ್ನಣ್ಣ ಚಪ್ಪಾಳೆ ತಟ್ಟಿದ. "ಇದನ್ನ ಕಿತ್ತು ಬರೋದು ಅಂತಾರಾ? ಇದ್ರಲ್ಲಿ ನನ್ ವ್ಯಾನ್ ಕಟ್ಟಿ ಎಳೀಬಹುದು!"

ಭಾವ ಬಟ್ಟೆ ಕೈಗೆ ತೆಗೆದುಕೊಂಡು ಎರಡೂ ಕಡೆಯಿಂದ ಜಗ್ಗಿ ನೋಡಿದರು. ಮುಖ ಅರಳಿತು. "ಹೆದರ್ಕೊಂಡಿದ್ದಾಳೆ ಅಷ್ಟೆ. ನನ್ ದುಡ್ಡಲ್ವಾ, ಜವಾಬ್ದಾರಿ ಅನ್ಸಿರುತ್ತೆ. ನೀನೇನೂ ಯೋಚನೆ ಮಾಡ್ಬೇಡಮ್ಮ."

ಆಗ ಅವಳಿಗೆ ಹೊಳೆಯಿತು. ಹಾರ್ನಣ್ಣ ತೆಗೆದದ್ದು ಹಲಗೆಯ ರೀಲು. ಅದರ ಮೇಲಿದ್ದದ್ದು ತಾನೇ ಕೂತು ಸುತ್ತಿದ ಗಿರಣಿ ದಾರ. ಹದಿನಾರು ವಾರದ ತನ್ನ ಕಳ್ಳತನ ತನ್ನ ಮಾತನ್ನೇ ಸುಳ್ಳು ಮಾಡಿ ಕೂತಿತ್ತು.

ಈಗ ಸುಮ್ಮನಿದ್ದರೂ ಆಗುತ್ತಿತ್ತು. ಹೇಳಿದ್ದೆನಲ್ಲ, ಅವರೇ ಕೇಳಲಿಲ್ಲ ಎಂದು ನಾಳೆ ಹೇಳಿಕೊಳ್ಳಬಹುದಿತ್ತು. ಮೇಷ್ಟ್ರು ಆಗಲೇ ಪೆನ್ನನ್ನು ಕಾಗದಕ್ಕೆ ಮುಟ್ಟಿಸಿದ್ದರು. ಭಾವ ಮಂಡಿಯ ಮೇಲೆ ಆ ಬಟ್ಟೆಯ ತುಂಡನ್ನು ಹರಡಿ, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತ, ಕೋಳಿಯ ಬೆನ್ನು ಸವರಿದಂತೆ ಸವರುತ್ತಿದ್ದರು.

"ಮೇಷ್ಟ್ರೇ, ಬರೀಬೇಡಿ" ಎಂದಳು. "ಅದು ನೀಲಿ ಚೀಟಿ ದಾರ ಅಲ್ಲ."

"ಚೀಟಿ ಇದೆಯಲ್ಲಮ್ಮ?"

"ಚೀಟಿ ಅವರದ್ದು, ದಾರ ಬೇರೆಯವರದ್ದು. ನಾನೇ ಸುತ್ತಿದ್ದು. ಆ ಹಲಗೆ ಮೇಲಿರೋದೆಲ್ಲಾ ನಾನು ಸುತ್ತಿದ್ದು."

ಅವಳು ಕೆಳಗಿನ ಡ್ರಾಯರು ಎಳೆದು, ಅಳತೆ ಕಾಗದಗಳನ್ನು ಪಕ್ಕಕ್ಕೆ ಸರಿಸಿ, ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ರೀಲುಗಳನ್ನು ಮೇಜಿನ ಮೇಲೆ ಸುರಿದಳು. ಒಂದನ್ನು ಭಾವನ ಕೈಗಿಟ್ಟಳು. ಭಾವ ಹೊದಿಕೆ ಹರಿದು, ಒಂದು ಗೇಣು ಬಿಚ್ಚಿ, ಎರಡೂ ಹೆಬ್ಬೆರಳಿಗೆ ಸುತ್ತಿ ಎಳೆದರು. ಒಣಗಿದ ಹುರುಳಿಕಾಯಿಯ ನಾರಿನಂತೆ ಟಪ್ಪೆಂದಿತು. ಇನ್ನೊಂದು ಸಲ ಎಳೆದರು. ಮತ್ತೆ ಟಪ್. ಹಾರ್ನಣ್ಣ ತಾನೂ ಒಂದು ರೀಲು ಬಿಚ್ಚಿದ. ಬೇರೆ ಬಣ್ಣದಲ್ಲಿ ಗಟ್ಟಿಯಿರಬಹುದೆಂದು ಕೆಂಪು, ಬಿಳಿ, ಹಳದಿ ಎಲ್ಲ ಎಳೆದು ನೋಡಿದ. ಕಾಲ ಬುಡದಲ್ಲಿ ಬಣ್ಣಬಣ್ಣದ ತುಂಡುಗಳು ಬಿದ್ದವು.

"ಯಾವಾಗಿಂದ?" ಎಂದರು ಮೇಷ್ಟ್ರು.

"ನಾಲ್ಕು ತಿಂಗಳಾಯ್ತು."

ಮೇಷ್ಟ್ರು ನೋಟ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವಿದರು. "ಹದಿನಾರು ಭಾನುವಾರ ನಿನ್ನ ಮಾತು ಕೇಳಿ ಹಸಿರಲ್ಲಿ ಬರ್ದಿದ್ದೀನಿ. ಮೂವತ್ತೊಂದು ವರ್ಷದ ಸರ್ವೀಸಲ್ಲಿ ಯಾವ ಹುಡುಗನಿಗೂ ಸುಳ್ಳು ಮಾರ್ಕು ಹಾಕಿದವನಲ್ಲ ನಾನು."

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ತಪ್ಪಾಯ್ತು ಮೇಷ್ಟ್ರೇ. ನೀವೆಲ್ಲಾ ಇಷ್ಟು ಹೊಗಳ್ತಿದ್ರಿ. ಆ ಕುರ್ಚಿಯಿಂದ ಇಳಿಯೋಕೆ ಮನಸ್ಸು ಬರ್ಲಿಲ್ಲ" ಎಂದಳು.

ಮೇಷ್ಟ್ರು ಕೆಂಪು ಪೆನ್ನು ತೆಗೆದು ಅವಳ ಕೈಗೇ ಕೊಟ್ಟರು. "ನೀನೇ ತಿದ್ದು." ಅವಳು ಒಂದೊಂದೇ ಭಾನುವಾರದ ಸಾಲು ಹುಡುಕಿ, 'ಚೆನ್ನಾಗಿದೆ' ಎಂಬುದನ್ನು ಹೊಡೆದು, ಪಕ್ಕದಲ್ಲಿ 'ಕಿತ್ತು ಬರುತ್ತಿದೆ' ಎಂದು ಬರೆದಳು. ಹದಿನಾರು ಸಲ ಬರೆಯುವುದು ಸಣ್ಣ ಕೆಲಸವಲ್ಲ. ಆರನೆಯದಕ್ಕೆ ಬರುವಷ್ಟರಲ್ಲಿ ಹಾರ್ನಣ್ಣನಿಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ಇಂಪೊಸಿಷನ್ ಕೊಟ್ಟಂಗಾಯ್ತಲ್ಲ! ಕಿವಿ ಒಂದು ಹಿಂಡಿಬಿಡಿ, ಪೂರ್ತಿಯಾಗುತ್ತೆ" ಎಂದ. ಮೊದಲು ನಕ್ಕವರು ಮೇಷ್ಟ್ರು. ಅವರು ನಕ್ಕದ್ದು ನೋಡಿ ಟೈಲರಕ್ಕ ಕಣ್ಣೊರೆಸಿಕೊಂಡಳು.

ಆಮೇಲೆ ಮಾತು ಬಿರುಸಾಯಿತು. ಲಾಭ ಏರುತ್ತಿದೆ, ಪೇಟೆಯವರಿಗೆ ದಾರ ಕಿತ್ತು ಬರುವುದು ಕಾಣುವುದಿಲ್ಲ, ಇನ್ನೂ ಒಂದು ವರ್ಷ ಬೆಲೆ ಏರುತ್ತಲೇ ಇರಬಹುದು ಎಂದರು ಮೇಷ್ಟ್ರು. "ಅವರು ಮಾರೋದು ದೊಡ್ಡ ದೊಡ್ಡ ಫ್ಯಾಕ್ಟರಿಗೆ. ನಮ್ ಕಂಡಕ್ಟರ್ ಪ್ಯಾಂಟು ಹರಿದ್ರೆ ಷೇರು ಬೀಳುತ್ತಾ?" ಎಂದ ಹಾರ್ನಣ್ಣ.

"ಫ್ಯಾಕ್ಟರಿ ಪ್ಯಾಂಟಿನೊಳಗೂ ಮನುಷ್ಯರೇ ಇರ್ತಾರೆ" ಎಂದಳು ಟೈಲರಕ್ಕ. "ಯಾವಾಗ ಬೀಳುತ್ತೆ ನಂಗೊತ್ತಿಲ್ಲ. ಬೀಳದೇನೂ ಇರಬಹುದು. ದಾರ ಕೆಟ್ಟಿದೆ, ಅಷ್ಟು ಮಾತ್ರ ನಂಗೊತ್ತು."

ಭಾವ ಕೈಯಲ್ಲಿದ್ದ ದಾರದ ತುಂಡುಗಳನ್ನು ಮೇಜಿನ ಮೇಲಿಟ್ಟರು. ಕೊನೆಗೆ, "ಕಾವಲಿಗೆ ಅಂತ ಇಟ್ಟ ಮೇಲೆ ಕಾವಲಿನವಳ ಮಾತು ನಡೀಬೇಕು. ತಡವಾಗಿ ಹೇಳಿದ್ಲು. ಆದ್ರೂ ಮಂಗಳವಾರಕ್ಕೆ ಮುಂಚೆ ಹೇಳಿದ್ಲಲ್ಲ" ಎಂದರು. ಸೋಮವಾರ ನೀಲಿ ಚೀಟಿ ಷೇರುಗಳನ್ನೆಲ್ಲ ಮಾರುವುದೆಂದಾಯಿತು.

"ಹಾಗಾದ್ರೆ ನಿಮ್ ದುಡ್ಡು?" ಎಂದು ಭಾವನನ್ನು ಕೇಳಿದ ಹಾರ್ನಣ್ಣ.

ಮೇಷ್ಟ್ರು ಹೇಳಿದರು: "ಅರ್ಧ ಡಿಪಾಸಿಟ್ ಇಡಿ, ಮನೆಯವರ ಮಾತೂ ನಡೆದಂಗಾಗುತ್ತೆ. ಇನ್ನರ್ಧ ಇಂಡೆಕ್ಸ್ ಫಂಡಿಗೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕಿ. ಪೇಟೆಯ ನೂರು ದೊಡ್ಡ ಕಂಪನಿಯಲ್ಲೂ ನಿಮ್ಮದೊಂದು ಚೂರು ಇರುತ್ತೆ."

"ನೂರನ್ನೂ ಮುಟ್ಟಿ ನೋಡಕ್ಕಾಗುತ್ತಾ?"

"ಆಗಲ್ಲ. ಒಂದು ಕೆಟ್ಟರೂ ತೊಂಬತ್ತೊಂಬತ್ತು ಇರ್ತವಲ್ಲ."

ಭಾವ ಯೋಚಿಸಿದರು. "ಶೆಡ್ಡಿನ ಹಾಗೆ ಅನ್ನಿ" ಎಂದರು.

ಗುರುವಾರ ಮಧ್ಯಾಹ್ನ ಟೈಲರಕ್ಕ ಅಂಗಡಿ ಮುಚ್ಚಿ ಭಾವನ ಜೊತೆ ಫಂಡಿನ ಆಫೀಸಿಗೆ ಹೋದಳು. ಔಷಧದಂಗಡಿಯ ಮೇಲಿನ ಮಹಡಿ. ಭಾವ ಮೆಟ್ಟಿಲಿಗೊಂದು 'ಅಯ್ಯಮ್ಮಾ' ಎನ್ನುತ್ತ ಹತ್ತಿದರು. ಮೇಜಿನ ಹಿಂದಿನ ಹುಡುಗಿ ನಗುತ್ತ ಅರ್ಜಿ ತೆಗೆದು, ಮೊದಲು ಕೆಲವು ಪ್ರಶ್ನೆ ಕೇಳಬೇಕು ಎಂದಳು. "ಪೇಟೆ ಇದ್ದಕ್ಕಿದ್ದಂಗೆ ಇಳಿದ್ರೆ ಏನ್ ಮಾಡ್ತೀರಿ? ಒಂದು, ಎಲ್ಲಾ ಮಾರ್ತೀರಾ? ಎರಡು, ಅರ್ಧ ಮಾರ್ತೀರಾ? ಮೂರು, ಹಾಗೇ ಇಟ್ಕೊಂಡು ಮುಂದುವರಿಸ್ತೀರಾ?"

"ಒಂದ್ಸಲ ರೋಗ ಬಂದು ಒಂದೇ ವಾರದಲ್ಲಿ ಮುನ್ನೂರು ಕೋಳಿ ಹೋದ್ವು" ಎಂದರು ಭಾವ. "ಮಾರನೇ ದಿನ ಬೆಳಿಗ್ಗೆ ಎದ್ದು ಉಳಿದವಕ್ಕೆ ಕಾಳು ಹಾಕ್ದೆ. ಅದು ಎಷ್ಟನೇದು?"

"ಮೂರನೇದು" ಎಂದು ಹುಡುಗಿ ಗುರುತು ಹಾಕಿಕೊಂಡಳು.

ಅಷ್ಟರಲ್ಲಿ ಟೈಲರಕ್ಕನ ಚೀಲದಲ್ಲಿ ಫೋನು ಬಡಿದುಕೊಂಡಿತು. ಕಿವಿಗಿಟ್ಟುಕೊಳ್ಳುವ ಅಗತ್ಯವೇ ಇರಲಿಲ್ಲ. "ಅಕ್ಕಾ! ನಾವು ಮಾರಿದ ಮೇಲೆ ನೀಲಿ ಚೀಟಿ ಆರು ಪರ್ಸೆಂಟು ಏರಿದೆ ಕಣಕ್ಕಾ! ಆರು!" ಆಫೀಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಫೋನನ್ನು ಸೆರಗಿನೊಳಗೆ ಅದುಮಿ ಹಿಡಿದು ಭಾವನ ಮುಖ ನೋಡಿದಳು. ಆರು ಪರ್ಸೆಂಟು ಎಂದರೆ ಭಾವನ ದುಡ್ಡಿಗೆ ಎಷ್ಟಾಗುತ್ತಿತ್ತು ಎಂಬುದನ್ನು ಇಬ್ಬರೂ ಮನಸ್ಸಿನಲ್ಲೇ ಗುಣಿಸಿದರು. ಭಾವನ ಹುಬ್ಬು ಒಂದಿಷ್ಟು ಮೇಲೇರಿತು, ಗುಣಾಕಾರ ಮುಗಿದಿರಬೇಕು.

"ನನ್ನ ಬೈಕೊಳ್ತಿದ್ದೀರಾ ಭಾವ?"

"ಸ್ವಲ್ಪ" ಎಂದರು ಭಾವ. ಬೆರಳು ತೋರಿಸಿದಲ್ಲೆಲ್ಲ ದಪ್ಪ ಅಕ್ಷರದಲ್ಲಿ ಸಹಿ ಹಾಕಿದರು. ಕೊನೆಯ ಹಾಳೆಯಲ್ಲಿ ಪೆನ್ನನ್ನು ಅವಳ ಕಡೆ ಚಾಚಿದರು. "ಸಾಕ್ಷಿ ಬೇಕಂತೆ. ನೀನು ಹಾಕು."

"ಇವರು ನಿಮಗೇನಾಗ್ಬೇಕು?" ಎಂದು ಹುಡುಗಿ ಕೇಳಿದಳು.

"ಹೆಂಡ್ತಿ ತಂಗಿ. ಆರು ಪರ್ಸೆಂಟಿನ ಸುದ್ದಿ ಇಷ್ಟು ಹೊತ್ತಿಗೆ ಇವಳಕ್ಕನ ಕಿವಿಗೂ ಬಿದ್ದಿರುತ್ತೆ. ಮನೇಲಿ ನನ್ನ ಪರವಾಗಿ ಇವಳೇ ಮಾತಾಡ್ಬೇಕು. ಅದಕ್ಕೂ ಇಲ್ಲೇ ಎಲ್ಲಾದ್ರೂ ಒಂದು ಸಹಿ ಹಾಕಿಸ್ಕೊಳ್ಳೋಕೆ ಜಾಗ ಇದೆಯೇನಮ್ಮ?"

ಜಾಗ ಇಲ್ಲ ಎಂದಳು ಹುಡುಗಿ. ಟೈಲರಕ್ಕ ನಗುತ್ತಲೇ ಸಾಕ್ಷಿಯ ಸಹಿ ಹಾಕಿದಳು. ಆಮೇಲೆ ಇಬ್ಬರೂ, ಮೆಟ್ಟಿಲಿಳಿಯುವ ಮೊದಲು, ಅಕ್ಕನಿಗೆ ಯಾವ ಮಾತಿನಿಂದ ಶುರು ಮಾಡುವುದು ಎಂದು ಗೋಡೆಗೊರಗಿ ನಿಂತು ಒಂದಷ್ಟು ಹೊತ್ತು ಚರ್ಚಿಸಿದರು.